ಕ್ರಿಸ್ತನ ದಾಸ ಎಂದರೆ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಸಾಲಿನಲ್ಲೇ ಅಪೊಸ್ತಲ ಪೌಲನು ತನ್ನನ್ನು ಕ್ರಿಸ್ತ ಯೇಸುವಿನ ದಾಸನೆಂದು ಕರೆದುಕೊಂಡಿದ್ದಾನೆ. ನಾನು ಚಿಕ್ಕಂದಿನಿಂದ ದೇವರನಾಮಗಳನ್ನು ಕೇಳುತ್ತ ಬೆಳೆದವನು. ಪುರಂದರದಾಸರೂ ಕನಕದಾಸರೂ ತಮ್ಮನ್ನು ದಾಸರೆಂದು ಕರೆದುಕೊಂಡ ಅರ್ಥದಲ್ಲಿಯೇ ಪೌಲನೂ ಈ ಮಾತನ್ನು ಹೇಳಿದನೆ?
(ಹಾಸನದ ಓದುಗರೊಬ್ಬರು)

ಉತ್ತರ: ಭಕ್ತಿಯ ಮಟ್ಟಿಗೆ ನೋಡಿದರೆ ಎರಡೂ ಕಡೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳುವ ಭಾವವೇ ಇದೆ. ಆದರೆ ಪೌಲನ ಪತ್ರವನ್ನು ಮೊದಲು ಕೇಳಿಸಿಕೊಂಡವರ ಕಿವಿಗೆ ಆ ಮಾತು ನಿಮ್ಮ ಕಿವಿಗೆ ಬಿದ್ದಂತೆ ಬಿದ್ದಿರಲಾರದು. ಹರಿದಾಸರ ದಾಸತ್ವ ಅವರೇ ಬಯಸಿ ಪಡೆದದ್ದು, ದೀಕ್ಷೆಯಿಂದ ಬಂದದ್ದು, ಸಮಾಜದಲ್ಲಿ ಗೌರವ ತಂದದ್ದು. ಪೌಲನು ಬಳಸಿದ 'ದೂಲೊಸ್' ಎಂಬ ಗ್ರೀಕ್ ಮಾತು ಸಂತೆಯಲ್ಲಿ ಹಣಕ್ಕೆ ಮಾರಾಟವಾಗುತ್ತಿದ್ದ ಮನುಷ್ಯನನ್ನು ಸೂಚಿಸುತ್ತಿತ್ತು. ಕನ್ನಡಿಗರಿಗೆ ಅದರ ಕಹಿ ಸ್ವಲ್ಪವಾದರೂ ಮುಟ್ಟಬೇಕಾದರೆ ದಾಸಕೂಟವನ್ನಲ್ಲ, 1976ರ ಕಾನೂನು ನಿಷೇಧಿಸಿದ ಜೀತವನ್ನು ನೆನೆಯಬೇಕು. ಆದರೂ ಜೀತದಾಳಿನ ಹೆಸರಿನಲ್ಲಿ ಒಂದು ಸಾಲವಾದರೂ ಇರುತ್ತಿತ್ತು. ರೋಮನ್ ಗುಲಾಮನ ಮೇಲೆ ಸಾಲವೇನೂ ಇರಬೇಕಾಗಿರಲಿಲ್ಲ, ಏಕೆಂದರೆ ಅವನೇ ಇನ್ನೊಬ್ಬನ ಆಸ್ತಿಯಾಗಿದ್ದ.

ಆ ಬದುಕು ಹೇಗಿತ್ತೆಂಬುದನ್ನು ತಿಳಿಯದೆ ಈ ಭಾಷೆಯನ್ನು ಓದಿದರೆ ಅದು ಬರಿಯ ವಿನಯದ ಮಾತಾಗಿ ಉಳಿದುಬಿಡುತ್ತದೆ. ಯುದ್ಧದಲ್ಲಿ ಸೆರೆಸಿಕ್ಕವರು, ಕಡಲ್ಗಳ್ಳರು ಹಿಡಿದು ಮಾರಿದವರು, ಹೆತ್ತವರು ಬೀದಿಯಲ್ಲಿ ಬಿಟ್ಟುಹೋದ ಶಿಶುಗಳು, ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವರು, ಹೀಗೆ ನಾನಾ ದಾರಿಗಳಿಂದ ಜನರು ಗುಲಾಮರಾಗುತ್ತಿದ್ದರು. ರೋಮನ್ ಕಾನೂನಿನಲ್ಲಿ ಗುಲಾಮನಿಗೆ ಮದುವೆಯಾಗುವ ಹಕ್ಕಿರಲಿಲ್ಲ. ಅವನು ಯಾರನ್ನೂ ಕಾನೂನಿನ ಪ್ರಕಾರ ತಂದೆಯೆಂದು ಕರೆಯುವಂತಿರಲಿಲ್ಲ. ಗುಲಾಮಳ ಮಗು ಅವಳ ಒಡೆಯನ ಸೊತ್ತಾಗುತ್ತಿತ್ತು. ನ್ಯಾಯಾಲಯದಲ್ಲಿ ಗುಲಾಮನ ಸಾಕ್ಷ್ಯವನ್ನು ಸಾಮಾನ್ಯವಾಗಿ ಚಿತ್ರಹಿಂಸೆಯ ಮೂಲಕವೇ ಪಡೆಯಲಾಗುತ್ತಿತ್ತು. ತಲೆ ನರೆತ ಮೇಲೂ ಅವನನ್ನು 'ಹುಡುಗ' ಎಂದೇ ಕೂಗುತ್ತಿದ್ದರು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಅಡಗಿದಾಗ ಸೆರೆಸಿಕ್ಕ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೆ ಹಾಕಲಾಯಿತು. ಶಿಲುಬೆಯೆಂದರೆ ಮುಖ್ಯವಾಗಿ ಗುಲಾಮರಿಗೂ ಬಂಡಾಯಗಾರರಿಗೂ ಮೀಸಲಾದ ಸಾವು ಎಂಬುದನ್ನು ಆ ಕಾಲದ ಎಲ್ಲರೂ ಬಲ್ಲವರಾಗಿದ್ದರು.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಿ ನೋಡಿ. ದೇವಸ್ವರೂಪನಾಗಿದ್ದ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದನು, ಶಿಲುಬೆಯ ಮರಣದವರೆಗೂ ವಿಧೇಯನಾದನು ಎಂದು ಅಲ್ಲಿ ಪೌಲನು ಹೇಳುತ್ತಾನೆ. ದಾಸನ ರೂಪವೂ ಶಿಲುಬೆಯ ಮರಣವೂ ಒಂದರ ಹಿಂದೊಂದು ಬಂದದ್ದು ಆಕಸ್ಮಿಕವಲ್ಲ. ಗುಲಾಮನಂತೆ ಬದುಕಿದವನು ಗುಲಾಮನ ಸಾವನ್ನೇ ಸತ್ತನೆಂಬುದು ಅದರ ತಾತ್ಪರ್ಯ. ಜಗತ್ತು ಮನುಷ್ಯನೆಂದೇ ಎಣಿಸದವನ ಜಾಗದಲ್ಲಿ ದೇವರು ಬಂದು ನಿಂತನೆಂಬ ಈ ಮಾತು, ನನ್ನ ತಿಳಿವಳಿಕೆಯಲ್ಲಿ, ಹೊಸ ಒಡಂಬಡಿಕೆಯ ಅತ್ಯಂತ ದಿಟ್ಟವಾದ ಮಾತುಗಳಲ್ಲಿ ಒಂದು. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯವೂ ಇದೇ ನೆಲೆಯದು. ಯಾಕೋಬ ಮತ್ತು ಯೋಹಾನರು ಯೇಸುವಿನ ಎಡಬಲದ ಆಸನಗಳನ್ನು ಬೇಡಿದಾಗ, ನಿಮ್ಮಲ್ಲಿ ಮೊದಲನೆಯವನಾಗಬೇಕೆನ್ನುವವನು ಎಲ್ಲರ ಆಳಾಗಿರಬೇಕೆಂದು ಅವನು ಉತ್ತರಿಸುತ್ತಾನೆ. ಅಧಿಕಾರವನ್ನು ಬಯಸಿ ಬಂದವರಿಗೆ ಹೇಳಿದ ಮಾತಿದು ಎಂಬುದನ್ನು ಮರೆಯಬಾರದು. ಈಗಾಗಲೇ ಆಳಾಗಿ ಬಾಳುತ್ತಿರುವವನ ಬಳಿಗೆ ಇದನ್ನು ಒಯ್ದು, ನೀನು ಇನ್ನಷ್ಟು ಬಾಗು ಎಂದು ಉಪದೇಶಿಸಿದರೆ ಯೇಸುವಿನ ಮಾತು ತಲೆಕೆಳಗಾಗುತ್ತದೆ.

ಪೌಲನ ಮಾತಿಗೆ ಇನ್ನೊಂದು ಬೇರು ಇಬ್ರಿಯ ಧರ್ಮಗ್ರಂಥದಲ್ಲಿದೆ. ಅಲ್ಲಿ ಮೋಶೆಯೂ ಯೆಹೋಶುವನೂ ಕರ್ತನ ದಾಸರೆನಿಸಿಕೊಂಡಿದ್ದಾರೆ. ಪೌಲನು ತನ್ನನ್ನು ದಾಸನೆಂದಾಗ ಆ ಪಂಕ್ತಿಯಲ್ಲಿ ನಿಲ್ಲುವ ಹೆಮ್ಮೆಯೂ ಆ ಮಾತಿನಲ್ಲಿ ಸೇರಿರುತ್ತದೆ. ಆದರೆ ಇದಕ್ಕಿಂತ ಮುಖ್ಯವಾದದ್ದು ಯಾಜಕಕಾಂಡದ 25ನೆಯ ಅಧ್ಯಾಯ. ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸಿ ತಂದವನು ನಾನು, ಅವರು ನನ್ನ ದಾಸರು, ಆದ್ದರಿಂದ ಅವರನ್ನು ಯಾರೂ ಗುಲಾಮರನ್ನಾಗಿ ಮಾರಬಾರದು ಎಂದು ಅಲ್ಲಿ ದೇವರ ಆಜ್ಞೆಯಿದೆ. ದೇವರಿಗೆ ಸೇರಿದವನ ಮೇಲೆ ಮನುಷ್ಯನಿಗೆ ಒಡೆತನವಿಲ್ಲವೆಂಬುದೇ ಈ ವಾದದ ತಿರುಳು. ಪೌಲನು ಕೊರಿಂಥದವರಿಗೆ, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು, ಮನುಷ್ಯರಿಗೆ ದಾಸರಾಗಬೇಡಿ ಎಂದು ಬರೆಯುವಾಗ ಅದೇ ವಾದ ಮರುದನಿಸುತ್ತದೆ. ಯಾಜಕಕಾಂಡದ ಅದೇ ಅಧ್ಯಾಯದಲ್ಲಿ ಮುಂದೆ, ಸುತ್ತಮುತ್ತಲಿನ ಅನ್ಯಜನಾಂಗದವರನ್ನು ಗುಲಾಮರನ್ನಾಗಿ ಕೊಳ್ಳಲು ಅನುಮತಿಯೂ ಇದೆಯೆಂಬುದನ್ನು ಇಲ್ಲಿ ಮರೆಮಾಚಬಾರದು. ಬಿಡುಗಡೆಯ ತತ್ತ್ವ ಅಲ್ಲಿ ಹುಟ್ಟಿತು, ಆದರೆ ಬೇಲಿಯ ಒಳಗೇ ನಿಂತಿತು.

ಈ ರೂಪಕದ ಮಿತಿಯನ್ನು ಪೌಲನೇ ಬಲ್ಲನು. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ, ಪಾಪಕ್ಕೆ ದಾಸರಾಗಿದ್ದ ನೀವು ಈಗ ನೀತಿಗೆ ದಾಸರಾದಿರಿ ಎಂದು ಹೇಳಿದ ಕೂಡಲೇ, ನಿಮ್ಮ ಬಲಹೀನತೆಗಾಗಿ ಲೋಕರೀತಿಯಲ್ಲಿ ಮಾತನಾಡುತ್ತಿದ್ದೇನೆ ಎಂದು ಸೇರಿಸುತ್ತಾನೆ. ಎಂಟನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ, ನೀವು ಹೊಂದಿರುವುದು ಭಯಪಡಿಸುವ ದಾಸತ್ವದ ಭಾವವಲ್ಲ, ಮಕ್ಕಳ ಭಾವ ಎನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿಯೂ ಇನ್ನು ನೀನು ದಾಸನಲ್ಲ, ಮಗನಾಗಿದ್ದೀ ಎಂಬ ಮಾತಿದೆ. ಯೋಹಾನನ ಸುವಾರ್ತೆಯ ಯೇಸು, ಇನ್ನು ನಿಮ್ಮನ್ನು ಆಳುಗಳೆನ್ನುವುದಿಲ್ಲ, ಸ್ನೇಹಿತರೆಂದು ಕರೆದಿದ್ದೇನೆ ಎನ್ನುತ್ತಾನೆ. ದಾಸತ್ವವೇ ದೇವರಿಗೂ ಮನುಷ್ಯನಿಗೂ ಇರುವ ಸಂಬಂಧದ ಕೊನೆಯ ಹೆಸರೆಂದು ಆರಂಭದ ಕ್ರೈಸ್ತರು ಭಾವಿಸಿರಲಿಲ್ಲ.

ಪ್ರಶ್ನೆ: ಹಾಗಾದರೆ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂದಿರುವುದು ಏಕೆ? ಗುಲಾಮಗಿರಿ ತಪ್ಪೆಂದು ಪೌಲನು ನೇರವಾಗಿ ಎಲ್ಲಿಯಾದರೂ ಹೇಳಿದ್ದಾನೆಯೆ?
(ಮಂಗಳೂರಿನ ಓದುಗರೊಬ್ಬರು)

ಉತ್ತರ: ಗುಲಾಮಗಿರಿಯನ್ನು ತೊಡೆದುಹಾಕಬೇಕೆಂದು ಪೌಲನು ಎಲ್ಲಿಯೂ ನೇರವಾಗಿ ಹೇಳಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು. ಧರ್ಮಗ್ರಂಥದ ಮರ್ಯಾದೆ ಕಾಪಾಡುವ ನೆಪದಲ್ಲಿ ಈ ಸಂಗತಿಯನ್ನು ತೇಲಿಸಿಬಿಡುವ ವ್ಯಾಖ್ಯಾನಗಳು ನನಗೆ ಒಪ್ಪಿಗೆಯಿಲ್ಲ.

ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳಲ್ಲಿ ಬರುವ ಈ ಭಾಗಗಳು ಗಂಡ ಹೆಂಡತಿ, ತಂದೆ ಮಕ್ಕಳು, ಒಡೆಯ ಆಳು ಎಂಬ ಮೂರು ಜೋಡಿಗಳಿಗೆ ಹೇಳಿದ ಮನೆವಾರ್ತೆಯ ನಿಯಮಗಳು. ಅರಿಸ್ಟಾಟಲ್‌ನ ಕಾಲದಿಂದಲೂ ಗ್ರೀಕರಲ್ಲಿ ಇಂಥ ಉಪದೇಶವಿತ್ತು, ಆದರೆ ಅಲ್ಲಿ ಮಾತು ನಡೆಯುತ್ತಿದ್ದದ್ದು ಯಜಮಾನನೊಂದಿಗೆ. ಈ ಪತ್ರಿಕೆಗಳು ಆಳುಗಳನ್ನೇ ಸಂಬೋಧಿಸಿ ಮಾತನಾಡುತ್ತವೆ, ಯಜಮಾನರಿಗೆ ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ, ಆತನಲ್ಲಿ ಪಕ್ಷಪಾತವಿಲ್ಲ ಎಂದು ಎಚ್ಚರಿಸುತ್ತವೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಆಳನ್ನು ಬಿಡುಗಡೆ ಮಾಡು ಎಂದು ಅವು ಹೇಳುವುದಿಲ್ಲ, ಮತ್ತು ಎಫೆಸದ ಪತ್ರಿಕೆ ಯಜಮಾನನಿಗೆ ತೋರುವ ವಿಧೇಯತೆಯನ್ನು ಕ್ರಿಸ್ತನಿಗೆ ತೋರುವ ವಿಧೇಯತೆಯೊಂದಿಗೆ ಜೋಡಿಸುವುದರಿಂದ ಸಂಕೋಲೆಗೆ ಒಂದು ಪವಿತ್ರತೆಯೂ ಬಂದುಬಿಡುತ್ತದೆ. ಪೇತ್ರನ ಮೊದಲನೆಯ ಪತ್ರಿಕೆ ಇನ್ನೂ ಕಠಿನವಾದದ್ದು: ಒರಟು ಯಜಮಾನರಿಗೂ ತಗ್ಗಿ ನಡೆಯಿರಿ ಎಂದು ಮನೆಯಾಳುಗಳಿಗೆ ಹೇಳುವ ಆ ಪತ್ರಿಕೆಯಲ್ಲಿ ಯಜಮಾನರಿಗೆಂದು ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. ಎಫೆಸದ ಪತ್ರಿಕೆಯನ್ನು ಪೌಲನೇ ಬರೆದನೆ ಅಥವಾ ಅವನ ಶಿಷ್ಯರು ಅವನ ಹೆಸರಿನಲ್ಲಿ ಬರೆದರೆ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಆದರೆ ಗ್ರಂಥದಲ್ಲಿ ಅದು ಸೇರಿರುವುದರಿಂದ, ಬರೆದವರು ಯಾರೆಂಬುದನ್ನು ಹೇಳಿ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ಪೌಲನದೇ ಎಂದು ಎಲ್ಲರೂ ಒಪ್ಪುವ ಫಿಲೆಮೋನನ ಪತ್ರಿಕೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅದು ಕೇವಲ 25 ವಚನಗಳ ಪತ್ರ. ಫಿಲೆಮೋನನ ಗುಲಾಮ ಒನೇಸಿಮನು ಒಡೆಯನಿಂದ ದೂರವಾಗಿ ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದು ಕ್ರೈಸ್ತನಾಗುತ್ತಾನೆ. ಪೌಲನು ಈ ಪತ್ರದೊಂದಿಗೆ ಅವನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಇಲ್ಲಿ ಪೌಲನ ಮಾತಿನ ಚಾತುರ್ಯವನ್ನು ಗಮನಿಸಿ. ಪತ್ರ ಫಿಲೆಮೋನನಿಗೆ ಮಾತ್ರವಲ್ಲದೆ ಅಪ್ಫಿಯಳಿಗೂ ಅರ್ಖಿಪ್ಪನಿಗೂ ಫಿಲೆಮೋನನ ಮನೆಯಲ್ಲಿ ಕೂಡುವ ಇಡೀ ಕ್ರೈಸ್ತ ಸಭೆಗೂ ಬರೆದದ್ದಾಗಿರುವುದರಿಂದ ಅದನ್ನು ಎಲ್ಲರೆದುರು ಓದಲೇಬೇಕು. ಒನೇಸಿಮನು ನನ್ನ ಸೆರೆವಾಸದಲ್ಲಿ ನನಗೆ ಹುಟ್ಟಿದ ಮಗ ಎನ್ನುತ್ತಾನೆ, ಅಂದರೆ ಕಾನೂನು ತಂದೆಯನ್ನು ನಿರಾಕರಿಸಿದ ಗುಲಾಮನಿಗೆ ತಾನೇ ತಂದೆಯಾಗಿ ನಿಲ್ಲುತ್ತಾನೆ. ಇನ್ನು ಮೇಲೆ ಅವನನ್ನು ದಾಸನೆಂದಲ್ಲ, ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನೆಂದು, ಅದೂ ಲೋಕದ ಸಂಬಂಧದಲ್ಲಿಯೂ ಕರ್ತನ ಸಂಬಂಧದಲ್ಲಿಯೂ ಸೇರಿಸಿಕೋ ಎಂದು ಕೇಳುತ್ತಾನೆ. ಸಹೋದರತ್ವ ಪ್ರಾರ್ಥನೆಯ ಹೊತ್ತಿಗೆ ಮಾತ್ರ ಸೀಮಿತವಾಗಿ, ಮಿಕ್ಕ ಹೊತ್ತು ಗುಲಾಮಗಿರಿ ಮುಂದುವರಿಯಲಿ ಎನ್ನುವ ದಾರಿಯನ್ನು ಈ ಎರಡು ಮಾತುಗಳು ಮುಚ್ಚಿಬಿಡುತ್ತವೆ. ಅವನಿಂದ ನಿನಗೆ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ನಾನು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ನೀನು ಮಾಡುವಿ ಎಂದು ಬಲ್ಲೆ ಎನ್ನುತ್ತಾನೆ, ಮತ್ತು ನನಗೊಂದು ಬಿಡಾರವನ್ನು ಸಿದ್ಧಮಾಡಿಡು ಎಂದು ಸೇರಿಸುತ್ತಾನೆ. ತಾನೇ ಬಂದು ಕಣ್ಣಾರೆ ನೋಡುವೆನೆಂಬ ಸೂಚನೆ ಅದರಲ್ಲಿದೆ.

ಇಷ್ಟಾದರೂ ಪೌಲನು ಆಜ್ಞೆ ಮಾಡಲಿಲ್ಲ, ಬೇಡಿಕೊಂಡನು. ನಿರ್ಧಾರವನ್ನು ಒಡೆಯನ ಕೈಯಲ್ಲೇ ಬಿಟ್ಟನು. ಸಾಮ್ರಾಜ್ಯದ ಎದುರು ಅಂದಿನ ಸಭೆ ಒಂದು ಹಿಡಿಯಷ್ಟು ಜನರದಾಗಿತ್ತು, ಲೋಕದ ಅಂತ್ಯ ಹತ್ತಿರವಿದೆಯೆಂದು ಪೌಲನು ನಂಬಿದ್ದನು ಎಂಬ ಕಾರಣಗಳನ್ನು ಕೊಡಬಹುದು, ಅವು ನಿಜವೂ ಹೌದು. ಆದರೆ ಹಿಂದಿರುಗಿ ಹೋಗಬೇಕಾಗಿದ್ದವನು ಒನೇಸಿಮ. ಆ ಪತ್ರವನ್ನು ಹೊತ್ತು ನಡೆದ ದಾರಿಯಲ್ಲಿ ಅಪಾಯವಿದ್ದದ್ದು ಅವನ ಮೈಗೆ, ಮತ್ತು ಅವನು ಸ್ವತಃ ಆಡಿದ ಒಂದು ಮಾತೂ ನಮಗೆ ಉಳಿದುಬಂದಿಲ್ಲ.

ಪ್ರಶ್ನೆ: ಮುಂದಿನ ಕಾಲದ ಸಭೆ ಗುಲಾಮರನ್ನು ನಿಜವಾಗಿ ಹೇಗೆ ನಡೆಸಿಕೊಂಡಿತು? ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಈ ಮಾತು ಬಂದಾಗ ಯಾರೂ ಸ್ಪಷ್ಟವಾಗಿ ಹೇಳಲಿಲ್ಲ.
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಎರಡೂ ಬಗೆಯ ಸಾಕ್ಷ್ಯಗಳಿವೆ. ಬಿಥೂನ್ಯದ ರಾಜ್ಯಪಾಲನಾಗಿದ್ದ ಕಿರಿಯ ಪ್ಲಿನಿ ಕ್ರಿ.ಶ. 112ರ ಸುಮಾರಿಗೆ ಸಾಮ್ರಾಟ ಟ್ರಾಜನ್‌ನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರ ನಿಜ ತಿಳಿಯಲು ಇಬ್ಬರು ಗುಲಾಮ ಹೆಂಗಸರನ್ನು ಚಿತ್ರಹಿಂಸೆಗೆ ಒಳಪಡಿಸಿದೆನೆಂದೂ ಅವರನ್ನು ಅಲ್ಲಿಯ ಜನ ಸಭಾಸೇವಕಿಯರೆಂದು ಕರೆಯುತ್ತಿದ್ದರೆಂದೂ ತಿಳಿಸಿದ್ದಾನೆ. ರೋಮಿನ ಕಣ್ಣಿಗೆ ಹಿಂಸಿಸಬಹುದಾದ ಸೊತ್ತಾಗಿದ್ದ ಇಬ್ಬರು ಹೆಂಗಸರು ಸಭೆಯ ಕಣ್ಣಿಗೆ ಜವಾಬ್ದಾರಿ ಹೊತ್ತವರಾಗಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ. ರೋಮಿನ ಸಭೆಯಿಂದ ಕೊರಿಂಥಕ್ಕೆ ಬರೆದ ಕ್ಲೆಮೆಂತನ ಪತ್ರ, ಕೆಲವರು ತಮ್ಮನ್ನೇ ಗುಲಾಮರಾಗಿ ಮಾರಿಕೊಂಡು ಆ ಹಣದಿಂದ ಹಸಿದವರಿಗೆ ಉಣಿಸಿದ್ದನ್ನು ಹೇಳುತ್ತದೆ. ಇನ್ನೊಂದು ಕಡೆ, ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಗುಲಾಮರು ಸಭೆಯ ಖರ್ಚಿನಲ್ಲಿ ಬಿಡುಗಡೆ ಬಯಸಬಾರದೆಂದು ಬರೆದಿದ್ದಾನೆ. ಹಾಗೆ ಬರೆದನೆಂದರೆ ಕೆಲವು ಸಭೆಗಳಲ್ಲಿ ಬಿಡುಗಡೆಗೆ ಹಣ ಕೇಳುವವರು ಇದ್ದರೆಂದೇ ಅರ್ಥ. 321ರಲ್ಲಿ ಸಾಮ್ರಾಟ ಕಾನ್‌ಸ್ಟಂಟೈನ್ ಸಭೆಯೊಳಗೆ ಮಾಡಿದ ಬಿಡುಗಡೆಗೆ ಪೂರ್ಣ ಕಾನೂನುಮಾನ್ಯತೆ ಕೊಟ್ಟನು. ಆದರೆ ಸಭೆಯವರು ಗುಲಾಮರನ್ನು ಇಟ್ಟುಕೊಳ್ಳುವುದು ನಿಲ್ಲಲಿಲ್ಲ.

ಈ ಗ್ರಂಥಭಾಗಗಳನ್ನು ಹೇಗೆ ಕತ್ತರಿಸಿ ಬಳಸಬಹುದೆಂಬುದಕ್ಕೆ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲ್ ಆವೃತ್ತಿ ಸಾಕ್ಷಿಯಾಗಿದೆ. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಆಫ್ರಿಕನ್ ಗುಲಾಮರಿಗಾಗಿ ಆಯ್ದು ಮಾಡಿದ ಆ ಪುಸ್ತಕದಲ್ಲಿ ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆಯಾದ ಕಥೆಯನ್ನು ಬಿಟ್ಟು, ವಿಧೇಯತೆಯ ಉಪದೇಶವನ್ನು ಉಳಿಸಿಕೊಂಡಿದ್ದರು. ಬಿಡುಗಡೆಯ ಕಥೆಗೆ ಎಷ್ಟು ಬಲವಿದೆಯೆಂಬುದು ಅದನ್ನು ಕಿತ್ತುಹಾಕಿದವರಿಗೆ ಚೆನ್ನಾಗಿ ತಿಳಿದಿತ್ತು.

ನಿಮ್ಮ ಅಧ್ಯಯನದ ಗುಂಪಿಗೆ ನಾನು ಸೂಚಿಸಬಯಸುವುದು ನ್ಯೂಸಾದ ಗ್ರೆಗರಿಯನ್ನು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಇಂದಿನ ತುರ್ಕಿಯ ಕಪ್ಪದೋಕ್ಯದಲ್ಲಿ ಬಿಷಪ್ ಆಗಿದ್ದ ಈತ, ಪ್ರಸಂಗಿ ಗ್ರಂಥದಲ್ಲಿ ನಾನು ದಾಸದಾಸಿಯರನ್ನು ಕೊಂಡುಕೊಂಡೆನು ಎಂದು ಬರುವ ಮಾತಿನ ಮೇಲೆ ಉಪದೇಶ ಮಾಡುತ್ತ, ದೇವರ ಹೋಲಿಕೆಯಲ್ಲಿ ಹುಟ್ಟಿದವನಿಗೆ ನೀನು ಎಷ್ಟು ಕಾಸು ಕಟ್ಟಿದೆ ಎಂದು ಒಡೆಯರನ್ನು ಕೇಳುತ್ತಾನೆ. ಭೂಮಿಯನ್ನೇ ಆಳಲು ದೇವರು ನೇಮಿಸಿದ ಮನುಷ್ಯನನ್ನು ಮಾರುವ ಅಧಿಕಾರ ಯಾರಿಗಿದೆ, ದೇವರೇ ಸ್ವತಂತ್ರನನ್ನಾಗಿ ಮಾಡಿದವನನ್ನು ದೇವರೂ ದಾಸನನ್ನಾಗಿ ಮಾಡುವುದಿಲ್ಲವಲ್ಲ ಎಂದು ವಾದಿಸುತ್ತಾನೆ. ಯಜಮಾನರು ದಯೆಯಿಂದ ನಡೆದುಕೊಳ್ಳಲಿ ಎಂಬಲ್ಲಿಗೆ ನಿಲ್ಲದೆ, ಮನುಷ್ಯನನ್ನು ಕೊಳ್ಳುವುದನ್ನೇ ತಪ್ಪೆಂದು ಹೇಳಿದ ಇಂಥ ಮಾತು ಅವನ ಸಮಕಾಲೀನ ಉಪದೇಶಕರಲ್ಲಿ ತೀರ ಅಪರೂಪ. ಮೊದಲು ಯಾಜಕಕಾಂಡದ 25ನೆಯ ಅಧ್ಯಾಯ, ನಂತರ ಫಿಲೆಮೋನನ ಪತ್ರಿಕೆ, ಎಫೆಸದ ಆರನೆಯ ಅಧ್ಯಾಯ, ಕೊನೆಗೆ ಗ್ರೆಗರಿಯ ಈ ಉಪದೇಶ, ಈ ಕ್ರಮದಲ್ಲಿ ಓದಿ. ಎಫೆಸದ ಭಾಗವನ್ನು ಓದುವಾಗ, ಯಜಮಾನರಿಗೆ ಹೇಳಿದ ಒಂಬತ್ತನೆಯ ವಚನಕ್ಕೆ ಮೊದಲೇ ಓದನ್ನು ನಿಲ್ಲಿಸದಂತೆ ನೋಡಿಕೊಳ್ಳಿ.