ಇಳಿಜಾರಿನ ಎರಡು ಎಕರೆಯಲ್ಲಿ ಮೊದಲ ಗೆರೆ ಎಲ್ಲಿ ಎಳೆಯಬೇಕು?

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಮುಗಿಸಿ ಪುಣೆಗೆ ಬಂದಿದ್ದೀರಿ. ಪಿರಂಗುಟ್ ದಾಟಿ ಮುಳಶಿ ಕಡೆ ಎರಡು ಎಕರೆ ಇಳಿಜಾರು ಜಮೀನು ಕೈಗೆ ಬಂದಿದೆ. ಕ್ಲೈಂಟ್‌ಗೆ ಹನ್ನೆರಡು ವೀಕೆಂಡ್ ಮನೆ, ಒಂದು ಕ್ಲಬ್‌ಹೌಸ್ ಬೇಕು. "ಓರಿಯೆಂಟೇಶನ್ (ಮನೆಯ ಮುಖ ಯಾವ ದಿಕ್ಕಿಗೆ), ಸರ್ಕ್ಯುಲೇಶನ್ (ಓಡಾಟದ ದಾರಿ), ಜೋನಿಂಗ್ (ಯಾವ ಜಾಗ ಯಾವುದಕ್ಕೆ) ಎಲ್ಲ ಓದಿದ್ದೇನೆ, ಆದರೆ ಯಾವುದನ್ನು ಮೊದಲು ಹಿಡಿಯಬೇಕು?" ಅಂತ ಕೇಳಿದ್ದೀರಿ.

ನೀರನ್ನು ಹಿಡಿಯಿರಿ. ಮಳೆ ನೀರು ನಿಮ್ಮ ಸೈಟಿಗೆ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನೋದು ತಿಳಿಯುವ ತನಕ ಒಂದು ಮನೆಯನ್ನೂ ಕಾಗದದ ಮೇಲೆ ಇಡಬೇಡಿ. ನೀರಿನ ದಾರಿ ಸಿಕ್ಕರೆ ಮನೆ ಎಲ್ಲಿ ಬೇಡ ಅನ್ನೋದು ಗೊತ್ತಾಗುತ್ತದೆ. ಎಲ್ಲಿ ಬೇಡ ಅಂತ ಗೊತ್ತಾದ ಮೇಲೆ ಉಳಿದ ಕೆಲಸ ಅರ್ಧಕ್ಕರ್ಧ ಹಗುರ.

ಪುಣೆ ನಗರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಲೋಣಾವಳಕ್ಕೆ ಹೋಗುವಷ್ಟರಲ್ಲಿ ಅದು ಐದು ಪಟ್ಟಾದರೂ ಆಗಿರುತ್ತದೆ. ನಿಮ್ಮ ಜಮೀನು ಇರೋದು ಅದೇ ಪಶ್ಚಿಮದ ದಿಕ್ಕಿನಲ್ಲಿ. ಹಾಗಾಗಿ ಪುಣೆ ನಗರದೊಳಗಿನ ಕೋಥ್ರೂಡಿನ ಸೈಟ್ ಲೆಕ್ಕ ಇಲ್ಲಿ ನಡೆಯೋದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಎರಡು ಎಕರೆ ಅಂದರೆ ಸುಮಾರು 8,090 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಹೊಡೆದರೆ ಸೈಟ್ ಮೇಲೆ ಬೀಳೋದು ನಾಲ್ಕು ಲಕ್ಷ ಲೀಟರ್. ಈಗ ಹುಲ್ಲು, ಪೊದೆ ಇದೆ. ನೂರರಲ್ಲಿ ಮೂವತ್ತು ಭಾಗ ಮಾತ್ರ ಹರಿದು ಹೋಗುತ್ತದೆ ಅಂತ ಹಿಡಿದರೆ ಸೆಕೆಂಡಿಗೆ 34 ಲೀಟರ್. ನೀವು ಅರ್ಧ ಜಮೀನಿಗೆ ತಾರಸಿ, ರಸ್ತೆ, ಪೇವರ್ ಹಾಕಿದಿರಿ ಅಂದುಕೊಳ್ಳಿ. ಆ ಅರ್ಧದಲ್ಲಿ ನೂರಕ್ಕೆ ತೊಂಬತ್ತು ಭಾಗ ಹರಿಯುತ್ತದೆ. ಒಟ್ಟು ಸೆಕೆಂಡಿಗೆ 67 ಲೀಟರ್ ಆಯಿತು. ಆಕಾಶದಿಂದ ಬಿದ್ದ ಮಳೆ ಅಷ್ಟೇ. ಕೆಳಗಿನ ಹೊಲದವನಿಗೆ ಹೋಗುವ ನೀರು ಮಾತ್ರ ಎರಡು ಪಟ್ಟು. ಇದಕ್ಕೆ ಮೇಲಿನ ಗುಡ್ಡದಿಂದ ನಿಮ್ಮ ಜಮೀನಿಗೆ ಇಳಿದು ಬರುವ ನೀರನ್ನು ಇನ್ನೂ ಸೇರಿಸಿಲ್ಲ. ಎಷ್ಟೋ ಸಲ ಅದೇ ಜಾಸ್ತಿ ಇರುತ್ತದೆ.

ಹಳ್ಳದ ದಾರಿ ಕಟ್ಟಿದರೆ ಏನಾಗುತ್ತದೆ ಅನ್ನೋದು ಪುಣೆಯವರಿಗೆ ಹೊಸದಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಬರುವ ಆಂಬಿಲ್ ಓಢಾ ಉಕ್ಕಿ ಸಹಕಾರನಗರ, ಟಾಂಗೇವಾಲಾ ಕಾಲೊನಿಯ ಮನೆಗಳಿಗೆ ನುಗ್ಗಿತು. ಗೋಡೆಗಳು ಬಿದ್ದವು, ಜನ ಸತ್ತರು. ಬೇಸಿಗೆಯಲ್ಲಿ ನೋಡಿದರೆ ಅದು ನದಿಯಲ್ಲ, ಊರ ನಡುವಿನ ಒಂದು ಹಳ್ಳ.

ನಿಮ್ಮ ಸೈಟಿಗೆ ಮಳೆಗಾಲದಲ್ಲಿ ಒಂದು ಸಲ ಹೋಗಲೇಬೇಕು. ಆಗದಿದ್ದರೆ ಬೇಸಿಗೆಯಲ್ಲೂ ನೀರಿನ ಗುರುತು ಸಿಗುತ್ತದೆ. ಮಣ್ಣು ತೊಳೆದು ಹೋಗಿ ಬರೀ ಹರಳು ಉಳಿದ ಪಟ್ಟೆ. ಪೊದೆಯ ಬುಡದಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಅದು ಎಷ್ಟು ಎತ್ತರದಲ್ಲಿದೆ ಅನ್ನೋದು. ಬೇರು ಹೊರಗೆ ಬಿದ್ದ ಮರ. ಸುತ್ತಲಿನ ಹುಲ್ಲೆಲ್ಲ ಒಣಗಿದರೂ ಹಸಿರಾಗಿ ಉಳಿದ ಒಂದು ಗೆರೆ. ಅತ್ತಿ ಮರ ಕಂಡರೆ ನಿಂತು ನೋಡಿ, ಅದರ ಕೆಳಗೆ ನೀರು ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು. ಇವನ್ನೆಲ್ಲ ಫೋಟೊ ತೆಗೆದುಕೊಂಡರೆ ಸಾಲದು. ಸರ್ವೆ ಪ್ಲಾನ್ ಕೈಯಲ್ಲಿ ಹಿಡಿದು ಅಲ್ಲೇ ಗುರುತು ಹಾಕಿ. ಆಮೇಲೆ ಪಕ್ಕದ ಹೊಲದವರನ್ನು ಮಾತಾಡಿಸಿ. "ಪಾವಸಾಳ್ಯಾತ ಪಾಣಿ ಕುಠೂನ ಯೇತ?" (ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆ?) ಅಂತ ಮರಾಠಿಯಲ್ಲಿ ಕೇಳಿದರೆ ಸಾಕು, ಅಜ್ಜನೊಬ್ಬ ಎದ್ದು ಬಂದು ಬದುವಿನ ಮೇಲೆ ನಡೆದು ತೋರಿಸುತ್ತಾನೆ. ಯಾವ ಬದು ಪ್ರತಿ ವರ್ಷ ಒಡೆಯುತ್ತದೆ ಅನ್ನೋದು ಯಾವ ನಕಾಶೆಯಲ್ಲೂ ಇರೋದಿಲ್ಲ.

ಇನ್ನು ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಅರ್ಧ ಮೀಟರ್ ಅಂತರದ ಕಾಂಟೂರ್ ಸರ್ವೆ ಮಾಡಿಸಿ. ಕ್ಲೈಂಟ್ "ಗೂಗಲ್‌ನಲ್ಲಿ ಸಿಗುತ್ತಲ್ಲ" ಅನ್ನಬಹುದು. ಎರಡು ಎಕರೆಗೆ ಅದು ಏನೇನೂ ಸಾಲದು, ಇಲ್ಲಿ ಮಣಿಯಬೇಡಿ. ಸರ್ವೆಯವರಿಗೆ ಗಡಿಯಾಚೆ ಒಂದಿಷ್ಟು ದೂರದ ಲೆವೆಲ್ ಕೂಡ ತೆಗೆಯಲು ಹೇಳಿ. ಬಾವಿ, ದೊಡ್ಡ ಮರಗಳು, ಬಂಡೆ ಎಲ್ಲ ಅದರಲ್ಲಿ ಬರಲಿ. ಪ್ರಿಂಟ್ 1:200 ಸ್ಕೇಲಿನಲ್ಲಿ ತೆಗೆಸಿದರೆ ಬರೀ ಅಡಿಪಟ್ಟಿಯಿಂದ ಇಳಿಜಾರು ಓದಬಹುದು. ಅರ್ಧ ಮೀಟರಿನ ಎರಡು ಗೆರೆಗಳ ನಡುವೆ 25 ಮಿ.ಮೀ. (ನೆಲದ ಮೇಲೆ 5 ಮೀಟರ್) ಇದ್ದರೆ ಇಳಿಜಾರು 1:10, ಅಂದರೆ ಹತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿತ. ಅದು 12.5 ಮಿ.ಮೀ. ಆದರೆ 1:5. ಅದಕ್ಕಿಂತ ಹತ್ತಿರ ಬಂದರೆ ಅಲ್ಲಿ ಕೆಂಪು ಬಣ್ಣ ಹಚ್ಚಿ ಬಿಡಿ. ಮಹಾರಾಷ್ಟ್ರದ ನಿಯಮಗಳ ಪ್ರಕಾರವೂ 1:5ಕ್ಕಿಂತ ಕಡಿದಾದ ಗುಡ್ಡದ ಇಳಿಜಾರಿನಲ್ಲಿ ಕಟ್ಟುವಂತಿಲ್ಲ.

ನಿಯಮ ಇಲ್ಲದಿದ್ದರೂ ಅಲ್ಲಿ ಕಟ್ಟಬಾರದು ಅಂತಲೇ ನಾನು ಹೇಳುತ್ತೇನೆ. ಇದೇ ಪುಣೆ ಜಿಲ್ಲೆಯ ಆಂಬೇಗಾವ್ ತಾಲೂಕಿನ ಮಾಳಿಣ್ ಎಂಬ ಹಳ್ಳಿಯ ಮೇಲೆ 2014ರ ಜುಲೈ 30ರಂದು ಗುಡ್ಡ ಕುಸಿಯಿತು. ಸುಮಾರು 150 ಜನ ಸತ್ತರು. ಸಹ್ಯಾದ್ರಿಯಲ್ಲಿ ಬಂಡೆಯ ಮೇಲೆ ಮಣ್ಣಿನ ಪದರ ಕೂತಿರುತ್ತದೆ. ನೀರು ಕುಡಿದಾಗ ಅದರ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಕೆಳಗಿನ ಬುಡವನ್ನು ನೀವು ಜೆಸಿಬಿ ಹಾಕಿ ಕಡಿದರೆ ಮೇಲಿನದಕ್ಕೆ ಆಧಾರ ಎಲ್ಲಿ?

ಮಣ್ಣನ್ನು ಮಾತ್ರ ಕಣ್ಣಂದಾಜಿಗೆ ಬಿಡಬೇಡಿ. ನಾಲ್ಕಾರು ಕಡೆ ಟ್ರಯಲ್ ಪಿಟ್ (ಮಣ್ಣು ನೋಡುವ ಗುಂಡಿ) ಹೊಡೆಸಿ. ಸಾಮಾನ್ಯವಾಗಿ ಮೇಲಿನ ಭಾಗದಲ್ಲಿ ತೆಳುವಾದ ಮಣ್ಣು, ಅದರಡಿ ಮುರುಮ್ (ಗರಸು ಮಣ್ಣು), ಆಮೇಲೆ ಕರಿಕಲ್ಲು. ಕೆಳಗಿನ ತಗ್ಗಿನಲ್ಲಿ ಆಳವಾದ ಎರೆ ಮಣ್ಣು. ಎರೆ ನಮ್ಮ ಕಡೆಯವರಿಗೆ ಗೊತ್ತಿರೋದೇ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸಣ್ಣ ಮನೆ ಕಟ್ಟಿದರೆ ಗೋಡೆಯೂ ಬಿರುಕು ಬಿಡುತ್ತದೆ. ಪುಣೆಯ ಸೈಟ್‌ಗಳಲ್ಲಿ ಗುಂಡಿ ತೋಡುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ ಜನ. ಗುಂಡಿ ತೋಡುವಾಗ ಅವರ ಜೊತೆ ನಿಂತು ಕನ್ನಡದಲ್ಲಿ ಮಾತಾಡಿ. ಎರೆ ಎಲ್ಲಿ ಮುಗೀತು, ಗಟ್ಟಿ ಎಲ್ಲಿ ಹತ್ತಿತು ಅಂತ ಸಲಿಕೆ ತಾಗಿದ ಸದ್ದಿನಲ್ಲೇ ಹೇಳುತ್ತಾರೆ. ಲ್ಯಾಬ್ ವರದಿ ಬೇಕೇ ಬೇಕು, ಆದರೆ ಅದನ್ನು ಓದುವ ಮೊದಲು ಇದನ್ನು ಕೇಳಿರಿ.

ಈಗ ಕೆಳಗಿನದು ಕಾಣುವಂಥ ತೆಳು ಟ್ರೇಸಿಂಗ್ ಹಾಳೆ. ನೀರಿನ ದಾರಿ ಒಂದು ಹಾಳೆ, ಕಡಿದಾದ ಭಾಗ ಇನ್ನೊಂದು, ಎರೆ ಮಣ್ಣು ಮತ್ತೊಂದು, ಉಳಿಸಬೇಕಾದ ಮರಗಳು ಬೇರೆ. ಒಂದರ ಮೇಲೊಂದು ಇಡಿ. ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಅಮೆರಿಕದಲ್ಲಿ ಹೆದ್ದಾರಿ, ಕಣಿವೆಗಳ ಯೋಜನೆಗೆ ಹೀಗೆಯೇ ಹಾಳೆ ಜೋಡಿಸಿ ತೋರಿಸಿದರು. ಕಂಪ್ಯೂಟರಿನಲ್ಲೂ ಮಾಡಬಹುದು. ಮೊದಲ ಸಲ ಕೈಯಲ್ಲೇ ಮಾಡಿ, ಜಮೀನು ತಲೆಗೆ ಹತ್ತುತ್ತದೆ. ಎಲ್ಲ ಹಾಳೆ ಇಟ್ಟ ಮೇಲೂ ಬಿಳಿಯಾಗಿ ಉಳಿದ ಜಾಗವೇ ನಿಮ್ಮ ಮನೆಗಳಿಗೆ. ಅದು ಒಂದೇ ದೊಡ್ಡ ತುಂಡಾಗಿ ಸಿಗೋದಿಲ್ಲ, ಎರಡು ಮೂರು ಗುಂಪಾಗಿ ಸಿಗುತ್ತದೆ. ಅದರಲ್ಲಿ ಹನ್ನೆರಡು ಮನೆ ಹಿಡಿಸದಿದ್ದರೆ, ಒಂಬತ್ತೇ ಹಿಡಿಸುತ್ತವೆ ಅಂತ ಕ್ಲೈಂಟ್‌ಗೆ ಈ ಹಾಳೆಗಳನ್ನೇ ತೋರಿಸಿ ಹೇಳಿ. ಡ್ರಾಯಿಂಗ್ ಮುಗಿದ ಮೇಲೆ ಹೇಳೋದಕ್ಕಿಂತ ಈಗ ಹೇಳೋದು ಎಷ್ಟೋ ಸುಲಭ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಲೇಔಟಿನಲ್ಲಿ 10% ಜಾಗ ಮನರಂಜನೆಗೆ ಅಂತ ಖಾಲಿ ಬಿಡಬೇಕು. ನಿಮ್ಮ ಲೆಕ್ಕದಲ್ಲಿ ಅದು 809 ಚದರ ಮೀಟರ್. ಬಹಳಷ್ಟು ಪ್ಲಾನ್‌ಗಳಲ್ಲಿ ಇದು ಕೊನೆಗೆ ಉಳಿದ ಮೂಲೆ, ಟ್ರಾನ್ಸ್‌ಫಾರ್ಮರ್ ಪಕ್ಕದ ತುಂಡು. ನೀವು ಅದನ್ನು ಮೊದಲೇ ಆರಿಸಿ. ಮರಗಳ ಗುಂಪು ಇರುವ ಕಡೆ, ಹಳ್ಳದ ಅಂಚಿನ ಕಡೆ ಇಡಿ. ಜಮೀನಿನ ಅತಿ ಚಂದದ ಜಾಗದ ಮೇಲೆ ಮನೆ ಇಟ್ಟರೆ ಒಬ್ಬರಿಗೆ ಸಿಗುತ್ತದೆ. ಖಾಲಿ ಬಿಟ್ಟರೆ ಹನ್ನೆರಡೂ ಮನೆಗೆ ಸಿಗುತ್ತದೆ.

ಒಂದು ಭಾನುವಾರ ನವಿ ಮುಂಬೈಗೆ ಹೋಗಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಮಾಡಿದ ಬೇಲಾಪುರದ ವಸತಿ ಬಡಾವಣೆ ನೋಡಿ ಬನ್ನಿ. 1980ರ ದಶಕದ್ದು, ಸುಮಾರು ಆರು ಹೆಕ್ಟೇರ್. ಏಳು ಮನೆ ಸೇರಿ 8 ಮೀಟರ್ ಚೌಕದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ 12 ಮೀಟರಿನ ದೊಡ್ಡ ಅಂಗಳ. ಅವೆಲ್ಲ ಸೇರಿ ಇನ್ನೂ ದೊಡ್ಡದು. ಎಲ್ಲರೂ ಈ ಅಂಗಳಗಳ ಬಗ್ಗೆಯೇ ಹೇಳುತ್ತಾರೆ. ನೀವು ಅಲ್ಲಿ ನೋಡಬೇಕಾದ್ದು ನಡುವಿನ ಹಳ್ಳ. ಮಳೆಗಾಲದ ನೀರನ್ನು ಹೊರಗೆ ಒಯ್ಯುವ ಆ ಸಣ್ಣ ಹಳ್ಳವನ್ನು ಮುಚ್ಚದೆ, ಪೈಪಿಗೆ ಹಾಕದೆ, ಬಡಾವಣೆಯ ಎಲ್ಲಕ್ಕಿಂತ ದೊಡ್ಡ ಬಯಲನ್ನು ಅದರ ಉದ್ದಕ್ಕೂ ಬಿಟ್ಟಿದ್ದಾರೆ. ಜನ ಮನೆಗಳನ್ನು ಒಡೆದು, ಎತ್ತರಿಸಿ ಕಟ್ಟಿಕೊಂಡಿದ್ದಾರೆ. ಅಂಗಳಗಳ ಲೆಕ್ಕ ಈಗಲೂ ಓದಲು ಸಿಗುತ್ತದೆ.

ರಸ್ತೆಯನ್ನು ಕಾಂಟೂರ್ ಜೊತೆಗೇ ಓಡಿಸಿ, ಅಡ್ಡ ಹಾಯಿಸಬೇಡಿ. ನೇರ ರಸ್ತೆ ಡ್ರಾಯಿಂಗಿನಲ್ಲಿ ಚಂದ ಕಾಣುತ್ತದೆ, ಮಳೆಗಾಲದಲ್ಲಿ ಅದೇ ಕಾಲುವೆ ಆಗುತ್ತದೆ. ಹಳ್ಳ ದಾಟಲೇಬೇಕಾದರೆ ಒಂದೇ ಕಡೆ ದಾಟಿ. ಕಾರುಗಳನ್ನು ಪ್ರತಿ ಮನೆಯ ಬಾಗಿಲಿಗೆ ಒಯ್ಯುವ ಬದಲು ಮೇಲಿನ ಅಂಚಿನಲ್ಲೇ ನಿಲ್ಲಿಸಿ ಜನ ನಡೆದು ಇಳಿಯುವಂತೆ ಮಾಡಿದರೆ ಅರ್ಧ ಪೇವಿಂಗ್ ಉಳಿಯುತ್ತದೆ. ವಯಸ್ಸಾದವರಿಗೆ 1:12ರ ದಾರಿ ಒಂದಾದರೂ ಇರಲಿ. ಅಗ್ನಿಶಾಮಕ ಗಾಡಿ ಒಳಗೆ ಬಂದು ತಿರುಗುವ ಜಾಗವನ್ನು ಈಗಲೇ ಬಿಡಿ: ಗೇಟಿನ ಅಗಲ, ಕಮಾನು ಇದ್ದರೆ ಅದರ ಎತ್ತರ ಸಾಕಷ್ಟಿರಲಿ, ತಿರುವಿಗೆ 9 ಮೀಟರ್ ತ್ರಿಜ್ಯ. ಸೋಕ್ ಪಿಟ್ (ಶೌಚದ ನೀರು ಇಂಗುವ ಗುಂಡಿ) ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ, ಅದೂ ಇಳಿಜಾರಿನ ಕೆಳಗಡೆ. ಪಕ್ಕದ ಹೊಲದ ಬಾವಿಯೂ ಈ ಲೆಕ್ಕದಲ್ಲಿ ಬರಬೇಕು ಅಲ್ವಾ?

ಬಿಸಿಲು, ಗಾಳಿ ಈ ಹಂತದಲ್ಲಿ ಬರುತ್ತವೆ. ಪುಣೆ ಇರೋದು 18.5 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ 48 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ. ದಕ್ಷಿಣದ ಗೋಡೆಗೆ 600 ಮಿ.ಮೀ. ಛಜ್ಜಾ (ಬಿಸಿಲು ತಡೆಯಲು ಗೋಡೆಯಿಂದ ಹೊರಗೆ ಚಾಚಿದ ಸಜ್ಜೆ) ಕೊಟ್ಟರೆ ಮಾರ್ಚ್ 21ರ ಮಧ್ಯಾಹ್ನ 1.8 ಮೀಟರ್ ನೆರಳು ಸಿಗುತ್ತದೆ, ಚಳಿಗಾಲದಲ್ಲಿ ಬಿಸಿಲು ಒಳಗೆ ಬರುತ್ತದೆ. ಪಶ್ಚಿಮಕ್ಕೆ ಮಾತ್ರ ಛಜ್ಜಾ ಉಪಯೋಗಕ್ಕೆ ಬರೋದಿಲ್ಲ, ಸಂಜೆಯ ಬಿಸಿಲು ಅಡ್ಡಡ್ಡ ಬರುತ್ತದೆ. ನಿಮ್ಮ ಕಷ್ಟ ನನಗೆ ಗೊತ್ತು: ಬೆಟ್ಟದ ನೋಟವೂ ಪಶ್ಚಿಮಕ್ಕೇ, ಗಾಳಿಯೂ ಪಶ್ಚಿಮದಿಂದಲೇ, ಮಳೆಯ ಇರಚಲೂ ಅಲ್ಲಿಂದಲೇ. ಮುಂಬೈಯ ಕಂಬಾಲಾ ಹಿಲ್‌ನ ಕಾಂಚನಜುಂಗಾ ಕಟ್ಟಡದಲ್ಲಿ ಕೊರಿಯಾ ಎದುರಿಸಿದ್ದೂ ಇದೇ ತೊಡಕು. ಸಮುದ್ರ ಪಶ್ಚಿಮಕ್ಕೆ, ಬಿಸಿಲು ಮಳೆಯೂ ಅತ್ತಲಿಂದಲೇ. ಹಳೆಯ ಬಂಗಲೆಗಳ ವರಾಂಡವನ್ನೇ ಎತ್ತಿ ಎರಡು ಅಂತಸ್ತು ಎತ್ತರದ ತೋಟದ ಜಗಲಿ ಮಾಡಿ, ಕೋಣೆಗಳನ್ನು ಅದರ ಹಿಂದೆ ಇಟ್ಟರು. ನಿಮ್ಮ ಮನೆಗಳಿಗೆ ಅಷ್ಟೆಲ್ಲ ಬೇಡ. ಪಶ್ಚಿಮಕ್ಕೆ ಆಳವಾದ ಪಡಸಾಲೆ ಕೊಟ್ಟು, ಮಾಡಿನ ಅಂಚನ್ನು ತಗ್ಗಿಸಿದರೆ ಸಾಕು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸಾತ್‌ಬಾರಾ ಉತಾರಾ (ಜಮೀನಿನ ಹಕ್ಕಿನ ದಾಖಲೆ, ನಮ್ಮ ಪಹಣಿ ಇದ್ದಂತೆ), ಸರಕಾರಿ ಮೋಜಣಿ (ಅಳತೆ) ನಕಾಶೆ, ಜೋನ್ ದಾಖಲಾ (ಜಮೀನು ಯಾವ ವಲಯದಲ್ಲಿದೆ ಅನ್ನುವ ಪ್ರಮಾಣಪತ್ರ) ಮೂರೂ ಕೈಗೆ ಬಂದ ಮೇಲೆಯೇ ಡಿಸೈನ್ ಶುರು ಮಾಡಿ. ಬೇಲಿ ಇರುವ ಕಡೆಯೇ ಗಡಿ ಇರುತ್ತದೆ ಅಂತ ನಂಬಬೇಡಿ. ನದಿ ಹತ್ತಿರ ಇದ್ದರೆ ನೀಲಿ ರೇಖೆ, ಕೆಂಪು ರೇಖೆ ನೋಡಿ. ನೀಲಿ ಅಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ, ಕೆಂಪು ಅಂದರೆ 100 ವರ್ಷಕ್ಕೊಮ್ಮೆ. ಕ್ಲೈಂಟ್ ವಾಸ್ತು ಕೇಳೇ ಕೇಳುತ್ತಾರೆ. ಕೊನೆಗೆ ಕೇಳಿ ಎಲ್ಲ ಬದಲಿಸುವ ಬದಲು ಮೊದಲ ಮೀಟಿಂಗಿನಲ್ಲೇ ಬರೆದಿಟ್ಟುಕೊಳ್ಳಿ.

ಕಾಲೇಜಿನಲ್ಲಿ ಯಾರೂ ಹೇಳದ ಒಂದು ಕೆಲಸ ಉಳಿದಿದೆ. ಕಟ್ಟುವ ಕಾಲದ ಸೈಟ್ ಪ್ಲಾನ್ ಬೇರೆ ಮಾಡಿ. ಮೇಲ್ಮಣ್ಣು ಒಂದು ಗೇಣು ತೆಗೆದು ಎಲ್ಲಿ ರಾಶಿ ಹಾಕುತ್ತಾರೆ, ಸಿಮೆಂಟ್ ಲಾರಿ ಎಲ್ಲಿ ನಿಲ್ಲುತ್ತದೆ, ಯಾವ ಮರದ ಸುತ್ತ ಬೇಲಿ ಬೇಕು, ಮುಖ್ಯವಾಗಿ ಕೂಲಿಯವರು ಎಲ್ಲಿ ಮಲಗುತ್ತಾರೆ. 2019ರ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ಮಳೆಗೆ ಒಂದು ಕಾಂಪೌಂಡ್ ಗೋಡೆ ಪಕ್ಕದ ಸೈಟಿನ ಶೆಡ್‌ಗಳ ಮೇಲೆ ಬಿದ್ದು, ಮಕ್ಕಳೂ ಸೇರಿ 15 ಜನ ಸತ್ತರು. ಅಲ್ಲಿ ಮಲಗಿದ್ದವರು ಕಟ್ಟಡ ಕೆಲಸದವರು, ಅವರ ಮನೆಮಂದಿ. ಎತ್ತರದ ಗೋಡೆಯ ಬುಡ, ಅಗೆದ ಗುಂಡಿಯ ಅಂಚು, ಹಳ್ಳದ ದಂಡೆ, ಈ ಮೂರೂ ಕಡೆ ಶೆಡ್ ಬೇಡ. ನಿಮ್ಮ ನೀರಿನ ಹಾಳೆ, ಇಳಿಜಾರಿನ ಹಾಳೆ ಎರಡೂ ಇಲ್ಲಿಗೆ ಮತ್ತೆ ಕೆಲಸಕ್ಕೆ ಬರುತ್ತವೆ. ಸಮತಟ್ಟಾದ, ಎತ್ತರದ ಜಾಗ ಆರಿಸಿ ಲೇಬರ್ ಕ್ಯಾಂಪ್ ಅಂತ ಡ್ರಾಯಿಂಗಿನಲ್ಲೇ ಬರೆಯಿರಿ. ನೀರಿನ ನಲ್ಲಿ, ಹೆಂಗಸರಿಗೆ ಬೇರೆ ಶೌಚಾಲಯ, ನೆಲಕ್ಕೆ ಪಿಸಿಸಿ (ಕಬ್ಬಿಣ ಇಲ್ಲದ ಕಾಂಕ್ರೀಟ್), ಇವನ್ನೆಲ್ಲ ಟೆಂಡರ್ ಬಿಒಕ್ಯೂನಲ್ಲಿ (ಕೆಲಸ, ಅಳತೆ, ದರಗಳ ಪಟ್ಟಿ) ದರ ಸಮೇತ ಸೇರಿಸಿ. ಅದರಲ್ಲಿ ಇಲ್ಲದಿದ್ದರೆ ಕಾಂಟ್ರಾಕ್ಟರ್ ಮಾಡೋದಿಲ್ಲ.