ಅಮೆರಿಕದ ಅಧ್ಯಕ್ಷರು ಸರ್ವೆ ನೋಡ್ಕೊಂಡೇ ನಿರ್ಧಾರ ತಗೋತಾರಾ?

ನೀವು ಕೇಳಿರೋದು ಇಷ್ಟು: ಅಮೆರಿಕದ ಅಧ್ಯಕ್ಷರು ಜನಾಭಿಪ್ರಾಯದ ಸರ್ವೆ ನೋಡಿ ಗಾಳಿ ಬೀಸಿದ ಕಡೆ ವಾಲ್ತಾರಾ, ಇಲ್ಲಾ ತಮಗೆ ಸರಿ ಅನ್ಸಿದ್ದನ್ನೇ ಮಾಡ್ತಾರಾ. ನಾನು ಓದಿ ತಿಳ್ಕೊಂಡಿರೋ ಮಟ್ಟಿಗೆ, ಏನು ಮಾಡ್ಬೇಕು ಅಂತ ಸರ್ವೆ ತೀರ್ಮಾನ ಮಾಡೋದು ಕಮ್ಮಿನೇ. ಯಾವಾಗ ಮಾಡ್ಬೇಕು, ಯಾವ ಮಾತಲ್ಲಿ ಹೇಳ್ಬೇಕು, ಯಾವುದರ ತಂಟೆಗೆ ಹೋಗ್ಲೇಬಾರ್ದು, ಇದನ್ನೆಲ್ಲ ಮಾತ್ರ ಬಹಳ ಸಲ ಸರ್ವೆನೇ ಹೇಳ್ಕೊಡತ್ತೆ. ಆ ಕೊನೇದಿದ್ಯಲ್ಲ, ತಂಟೆಗೆ ಹೋಗ್ದೇ ಸುಮ್ನಿದ್ದುಬಿಡೋದು, ಅದು ಯಾರ ಕಣ್ಣಿಗೂ ಬೀಳಲ್ಲ. ನನಗೆ ಸಂಕಟ ಆಗೋದು ಅದರ ಬಗ್ಗೆನೇ.

ಇದಕ್ಕೆ ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬರನ್ನ ನೋಡಿದ್ರೆ ಸಾಕು. ಅವರ ಕಾಲಕ್ಕೆ ಈ ಸರ್ವೆ ವಿದ್ಯೆ ಹೊಸದು. 1936ರ ಚುನಾವಣೆಲಿ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಜನ ತುಂಬಿ ಕಳಿಸಿದ 20 ಲಕ್ಷಕ್ಕಿಂತ ಜಾಸ್ತಿ ಕಾರ್ಡ್ ಎಣಿಸಿ ರೂಸ್‌ವೆಲ್ಟ್ ಸೋಲ್ತಾರೆ ಅಂತ ಬರೀತು, ಸರ್ವೆ ಮಾಡೋದನ್ನೇ ಕಸುಬು ಮಾಡ್ಕೊಂಡಿದ್ದ ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಕಮ್ಮಿ ಜನರನ್ನ ಕೇಳಿ ಗೆಲ್ತಾರೆ ಅಂದ್ರು, ಗ್ಯಾಲಪ್ ಹೇಳಿದ್ದೇ ಆಯ್ತು. ಅಲ್ಲಿಂದ ವೈಟ್ ಹೌಸ್‌ಗೆ ಇದರ ರುಚಿ ಹತ್ತಿತು. 1940ರಲ್ಲಿ ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನೋರು ಜನರ ಮನಸ್ಸಿನ ಲೆಕ್ಕ ತೆಗೆದು ಗುಟ್ಟಾಗಿ ಅಧ್ಯಕ್ಷರಿಗೆ ತಲುಪಿಸೋಕೆ ಶುರು ಮಾಡಿದ್ರು. ಆಗಿನ ಮುಖ್ಯ ಪ್ರಶ್ನೆ ಅಂದ್ರೆ, ನಾವು ಯುದ್ಧದಿಂದ ದೂರ ಇರೋದು ಮುಖ್ಯನಾ, ಇಲ್ಲಾ ಯುದ್ಧಕ್ಕೆ ಸಿಕ್ಕಾಕೊಂಡ್ರೂ ಪರವಾಗಿಲ್ಲ ಅಂತ ಇಂಗ್ಲೆಂಡಿಗೆ ಸಹಾಯ ಮಾಡೋದು ಮುಖ್ಯನಾ. 1940ರ ಮಧ್ಯದಲ್ಲಿ ಸಹಾಯ ಮಾಡೋಣ ಅಂದೋರು ಹತ್ರಹತ್ರ ಮೂರರಲ್ಲೊಂದು ಪಾಲು, ಆ ವರ್ಷದ ಕೊನೆ ಹೊತ್ತಿಗೆ ಅರ್ಧ ದಾಟಿದ್ರು.

ರೂಸ್‌ವೆಲ್ಟ್ ಏನ್ ಮಾಡಿದ್ರು ಅಂದ್ರೆ ಸುಮ್ನೆ ಆ ಅಂಕಿ ಏರಲಿ ಅಂತ ಕಾಯ್ತಾ ಕೂರ್ಲಿಲ್ಲ. ಡಿಸೆಂಬರ್ 17ಕ್ಕೆ ಪತ್ರಕರ್ತರನ್ನ ಕೂರಿಸ್ಕೊಂಡು, ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಿಮ್ಮ ತೋಟದ ಪೈಪ್ ಕೊಡ್ತೀರ, ಮೊದಲು ದುಡ್ಡು ಕೊಡು ಅಂತ ಕೇಳ್ತಾ ನಿಲ್ತೀರಾ, ಬೆಂಕಿ ಆರಿದ ಮೇಲೆ ಪೈಪ್ ವಾಪಸ್ ಬಂದ್ರೆ ಸಾಕು ಅನ್ನೋ ಅರ್ಥದಲ್ಲಿ ಮಾತಾಡಿದ್ರು. 29ಕ್ಕೆ ರೇಡಿಯೋದಲ್ಲಿ ಇಡೀ ದೇಶಕ್ಕೆ ಹೇಳಿದ್ರು. 1941ರ ಮಾರ್ಚ್ 11ಕ್ಕೆ, ಇಂಗ್ಲೆಂಡಿನಂಥ ದೇಶಗಳಿಗೆ ಯುದ್ಧದ ಸಾಮಾನು ಎರವಲು ಕೊಡೋ ಲೆಂಡ್ ಲೀಸ್ ಕಾನೂನಿಗೆ ಸಹಿ ಬಿತ್ತು. ಜನರ ಮನಸ್ಸು ಬದಲಾಗೋಕೆ ಫ್ರಾನ್ಸ್ ಬಿದ್ದಿದ್ದು, ಲಂಡನ್ ಮೇಲೆ ಬಾಂಬ್ ಸುರಿದಿದ್ದು ಕೂಡ ಕಾರಣ, ಎಲ್ಲಾ ಇವರೊಬ್ಬರ ಮಾತಿಂದ ಆಯ್ತು ಅನ್ನೋಕಾಗಲ್ಲ. ಆದ್ರೂ ಎಲ್ಲಿಗೆ ಹೋಗ್ಬೇಕು ಅಂತ ಅವರಿಗೆ ಗೊತ್ತಿತ್ತು, ಜನ ಎಷ್ಟು ದೂರದಲ್ಲಿದಾರೆ ಅಂತ ಸರ್ವೆ ತೋರಿಸ್ತಿತ್ತು. ಸರ್ವೆ ಬಳಸೋದು ಅಂದ್ರೆ ಹೀಗೆ ಅಂತ ನನಗನ್ಸತ್ತೆ.

ಈಗ ಅದೇ ಮನುಷ್ಯನ ಇನ್ನೊಂದು ಕಥೆ, ಎರಡು ವರ್ಷ ಹಿಂದಿಂದು. 1938ರ ನವೆಂಬರ್‌ನಲ್ಲಿ ಜರ್ಮನಿಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರ ಎಲ್ಲಾ ಒಡೆದು ಸುಟ್ಟಾಕಿದ್ರು. ಗ್ಯಾಲಪ್ ಕೇಳಿದಾಗ ಅಮೆರಿಕದ ಶೇ. 94 ಜನ ನಾಜಿಗಳು ಮಾಡ್ತಿರೋದು ತಪ್ಪು ಅಂದ್ರು. ಹಾಗಾದ್ರೆ ಅಲ್ಲಿಂದ ಓಡಿ ಬರೋ ಯಹೂದಿಗಳನ್ನ ಇನ್ನೂ ಜಾಸ್ತಿ ಸಂಖ್ಯೆಲಿ ಒಳಗೆ ಬಿಟ್ಕೊಳ್ಳೋಣ್ವಾ ಅಂತ ಕೇಳಿದ್ದಕ್ಕೆ ಶೇ. 72 ಜನ ಬೇಡ ಅಂದ್ರು. ನಾನು ಈ ಎರಡು ಅಂಕಿ ಮೊದಲ ಸಲ ಒಟ್ಟಿಗೆ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ರೂಸ್‌ವೆಲ್ಟ್ ಬರ್ಲಿನ್‌ನಿಂದ ರಾಯಭಾರಿನ ವಾಪಸ್ ಕರೆಸ್ಕೊಂಡ್ರು, ಆಗಲೇ ಅಮೆರಿಕದಲ್ಲಿದ್ದ ಸಾವಿರಾರು ಜನರ ವಿಸಿಟರ್ ವೀಸಾ ಮುಂದುವರಿಸಿದ್ರು, ಅಷ್ಟು ಮಾಡಿದ್ರು ಅನ್ನೋದು ನಿಜ. ಆದ್ರೆ 1939ರಲ್ಲಿ ಜರ್ಮನಿಯಿಂದ 20,000 ಮಕ್ಕಳನ್ನ, ವರ್ಷಕ್ಕೆ ಇಷ್ಟೇ ಜನ ಅನ್ನೋ ವಲಸೆ ಕೋಟಾದ ಹೊರಗೆ ಕರ್ಕೊಂಡು ಬರೋ ಒಂದು ಮಸೂದೆ ಕಾಂಗ್ರೆಸ್‌ಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ ಬಂತು, ಮಕ್ಕಳು ಅಂದ್ರೆ 14 ವರ್ಷದೊಳಗಿನವರು, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಒಬ್ಬ ಸಂಸದೆ ಕೇಳಿ ಕಳಿಸಿದ ಕಾಗದದ ಮೇಲೆ ಅವರು ಬರೆದಿದ್ದು ಫೈಲ್‌ಗೆ ಹಾಕಿ, ಕ್ರಮ ಬೇಡ ಅಂತ ಅಷ್ಟೇ. ಮಸೂದೆ ಅಲ್ಲೇ ಸತ್ತೋಯ್ತು. ಅದೇ ವರ್ಷ ಜರ್ಮನಿಯಿಂದ ಓಡಿ ಬಂದ 900ಕ್ಕಿಂತ ಜಾಸ್ತಿ ಯಹೂದಿಗಳನ್ನ ಹೊತ್ಕೊಂಡು ಬಂದ ಸೇಂಟ್ ಲೂಯಿಸ್ ಹಡಗು ಕ್ಯೂಬಾದಲ್ಲೂ ಅಮೆರಿಕದಲ್ಲೂ ಇಳಿಸೋಕೆ ಜಾಗ ಸಿಗದೆ ಯುರೋಪಿಗೆ ವಾಪಸ್ ಹೋಯ್ತು, ಅವರಲ್ಲಿ 254 ಜನ ಮುಂದೆ ನಾಜಿಗಳ ಕೈಗೆ ಸಿಕ್ಕಿ ಸತ್ತರು. ವಲಸೆ ಕೋಟಾ ಕಾಂಗ್ರೆಸ್‌ನ ಕೈಲಿತ್ತು, ಅಧ್ಯಕ್ಷರು ಬಾಯಿ ಬಿಟ್ಟಿದ್ರೂ ಮಸೂದೆ ಪಾಸಾಗ್ತಿತ್ತೋ ಇಲ್ವೋ ಹೇಳೋಕಾಗಲ್ಲ. ಆದ್ರೆ ತೋಟದ ಪೈಪ್ ಕಥೆ ಹೇಳೋಕೆ ಬಾಯಿದ್ದ ಮನುಷ್ಯ ಆ ಮಕ್ಕಳ ಪರವಾಗಿ ಒಂದು ಮಾತೂ ಆಡ್ಲಿಲ್ವಲ್ಲ ಅನ್ನೋದು ನನ್ನ ಮನಸ್ಸಿಂದ ಹೋಗಲ್ಲ.

ಯಾವ ಮಾತಲ್ಲಿ ಹೇಳ್ಬೇಕು ಅನ್ನೋ ವಿಷ್ಯಕ್ಕೆ ಬಂದ್ರೆ, ನಾನು ಡಿಗ್ರಿ ಮುಗಿಸಿ ಎರಡು ವರ್ಷ ದಾವಣಗೆರೆ ಕಡೆ ಮನೆಮನೆಗೆ ಹೋಗಿ ಸರ್ವೆ ಫಾರಂ ತುಂಬಿಸೋ ಕೆಲಸ ಮಾಡಿದೀನಿ. ಬಡವರಿಗೆ ಸರ್ಕಾರ ಸಹಾಯ ಮಾಡ್ಬೇಕಾ ಅಂದ್ರೆ ಹೂಂ ಮಾಡ್ಬೇಕು ಅಂತಿದ್ದ ಅದೇ ಯಜಮಾನ್ರು, ಮಾತಿಗೆ ಮಾತು ಬಂದು ಬಿಟ್ಟಿ ಕೊಡೋದು ಸರಿನಾ ಅಂದ್ರೆ ಮುಖ ಗಂಟಿಕ್ಕೋರು. ಅಮೆರಿಕದಲ್ಲೂ ವೆಲ್ಫೇರ್ ಅಂತ ಕೇಳಿದ್ರೆ ಒಂದು ಉತ್ತರ, ಬಡವರಿಗೆ ನೆರವು ಅಂತ ಕೇಳಿದ್ರೆ ಬೇರೆನೇ ಉತ್ತರ, ಇದು ವರ್ಷಗಟ್ಟಲೆ ಸರ್ವೆಗಳಲ್ಲಿ ಕಂಡಿರೋದು. ಹಂಗಾಗಿ ವೈಟ್ ಹೌಸ್‌ನೋರು ಪದ ಹುಡುಕೋಕೆ ಸರ್ವೆ ಮಾಡಿಸ್ತಾರೆ. 2005ರಲ್ಲಿ ಜಾರ್ಜ್ ಬುಷ್ ಸೋಷಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪಿಂಚಣಿ ಬದಲಾಯಿಸಿ, ಜನ ಕಟ್ಟೋ ದುಡ್ಡಲ್ಲಿ ಒಂದಿಷ್ಟನ್ನ ಅವರವರ ಹೆಸರಿನ ಖಾತೆಲಿ ಹೂಡೋಕೆ ಬಿಡೋಣ ಅಂತ ಹೊರಟಾಗ ಪ್ರೈವೇಟ್ ಅಕೌಂಟ್ ಅನ್ನೋ ಮಾತು ಜನಕ್ಕೆ ಹಿಡಿಸಲ್ಲ ಅಂತ ಪರ್ಸನಲ್ ಅಕೌಂಟ್ ಅನ್ನೋಕೆ ಶುರು ಮಾಡಿದ್ರು. ಯೋಜನೆ ಅದೇ, ಹೆಸರು ಬೇರೆ. ಆದ್ರೂ ಜನ ಒಪ್ಲಿಲ್ಲ.

ಬುಷ್‌ಗಿಂತ ಮುಂಚೆ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಕಾಲದಲ್ಲೇ ಇದು ಎಲ್ಲಿಗೆ ಹೋಗಿತ್ತು ನೋಡಿ. 1998ರ ಜನವರಿಲಿ, ವೈಟ್ ಹೌಸ್‌ನಲ್ಲಿ ಇಂಟರ್ನ್ ಆಗಿದ್ದ ಮೋನಿಕಾ ಲೆವಿನ್ಸ್ಕಿ ಜೊತೆ ಅವರ ಸಂಬಂಧದ ವಿಷ್ಯ ಹೊರಗೆ ಬಂದಾಗ, ಅವರ ಹಳೇ ಸಲಹೆಗಾರ ಡಿಕ್ ಮಾರಿಸ್ ಒಂದು ಸರ್ವೆ ಮಾಡಿಸಿ, ಸಂಬಂಧ ಇತ್ತು ಅನ್ನೋದನ್ನ ಜನ ಕ್ಷಮಿಸ್ತಾರೆ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದನ್ನ ಕ್ಷಮಿಸಲ್ಲ, ಒಪ್ಕೊಳ್ಳೋದನ್ನ ಕೇಳೋಕೆ ಜನ ತಯಾರಿಲ್ಲ ಅಂತ ಹೇಳಿದ್ರಂತೆ. ಇದು ಮಾರಿಸ್ ಅವರೇ ಕೊಟ್ಟ ಸಾಕ್ಷಿ, ಆ ವಿಷ್ಯದ ತನಿಖೆ ಮಾಡಿದ ಕೆನೆತ್ ಸ್ಟಾರ್ ಅವರ ವರದಿಲಿದೆ. ಕೆಲವೇ ದಿನಕ್ಕೆ ಕ್ಲಿಂಟನ್ ಟಿವಿ ಮುಂದೆ ಇಲ್ಲವೇ ಇಲ್ಲ ಅಂದ್ರು, ಒಪ್ಕೊಂಡಿದ್ದು ಆಗಸ್ಟ್‌ನಲ್ಲಿ. ನಿಜ ಹೇಳ್ಬೇಕಾ ಬೇಡ್ವಾ ಅನ್ನೋದನ್ನೂ ಸರ್ವೆ ಮಾಡಿ ನೋಡೋದು ನನಗೆ ಯಾವ ರೀತಿಲೂ ಒಪ್ಪೋಕಾಗಲ್ಲ.

ಜನಾಭಿಪ್ರಾಯಕ್ಕೆ ಎದುರು ಹೋದೋರು ಯಾರಾದ್ರೂ ಇದಾರಾ ಅಂತ ನೀವು ಕೇಳಿದ್ರಿ. ಜೆರಾಲ್ಡ್ ಫೋರ್ಡ್ ಇದಾರೆ. 1974ರ ಆಗಸ್ಟ್‌ನಲ್ಲಿ ವಾಟರ್‌ಗೇಟ್ ಹಗರಣದಿಂದಾಗಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು, ಉಪಾಧ್ಯಕ್ಷರಾಗಿದ್ದ ಇವರು ಆ ಜಾಗಕ್ಕೆ ಬಂದಾಗ ಗ್ಯಾಲಪ್ ಲೆಕ್ಕದಲ್ಲಿ ಶೇ. 71 ಜನ ಇವರ ಕಡೆ ಇದ್ರು. ಸೆಪ್ಟೆಂಬರ್ 8ರ ಭಾನುವಾರ, ನಿಕ್ಸನ್ ಮೇಲೆ ಕೇಸು ನಡೆಯದ ಹಾಗೆ ಅವರಿಗೆ ಕ್ಷಮಾದಾನ ಕೊಟ್ಟರು, ಆ ತಿಂಗಳ ಕೊನೆಗೆ ಶೇ. 50ಕ್ಕೆ ಬಂತು, 1976ರಲ್ಲಿ ಸೋತ್ರು. 2001ರಲ್ಲಿ ಹಳೇ ಅಧ್ಯಕ್ಷ ಜಾನ್ ಕೆನಡಿ ಹೆಸರಿನ ಧೈರ್ಯದ ಪ್ರಶಸ್ತಿನ ಅದೇ ಕ್ಷಮಾದಾನಕ್ಕಾಗಿ ಫೋರ್ಡ್‌ಗೆ ಕೊಟ್ಟಾಗ, ಅವತ್ತು ಕಟುವಾಗಿ ವಿರೋಧ ಮಾಡಿದ್ದ, ಜಾನ್ ಕೆನಡಿ ತಮ್ಮ ಸೆನೆಟರ್ ಟೆಡ್ ಕೆನಡಿ ಅವರೇ ಫೋರ್ಡ್ ಮಾಡಿದ್ದು ಸರಿ ಇತ್ತು ಅಂತ ಒಪ್ಕೊಂಡ್ರು. ನನಗೆ ಆ ಕ್ಷಮಾದಾನ ಇವತ್ತಿಗೂ ಪೂರ್ತಿ ಸರಿ ಅನ್ಸಲ್ಲ, ನಿಕ್ಸನ್ ಕೋರ್ಟಲ್ಲಿ ನಿಲ್ಬೇಕಿತ್ತು. ಆದ್ರೆ ಜನರ ಕೋಪ ತಮ್ಮ ಮೇಲೆ ಬರತ್ತೆ ಅಂತ ಗೊತ್ತಿದ್ದೂ ಆ ಭಾನುವಾರ ಸಹಿ ಹಾಕಿದ್ರಲ್ಲ, ಅದರ ಬಗ್ಗೆ ನನಗೆ ಗೌರವ ಇದೆ.