ಸ್ಟ್ರೋಕ್ ಆದ ಅಪ್ಪನ ಹತ್ತಿರ ಕನ್ನಡ ಮಾತಾಡುವುದು ನಿಲ್ಲಿಸಬೇಕಾ?

ದಯವಿಟ್ಟು ನಿಲ್ಲಿಸಬೇಡಿ. ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು, ಹೇಳಿದ್ದು ಅಪ್ಪನಿಗೆ ಅರ್ಥವಾಗುತ್ತದೆ, ಮಾತು ಮಾತ್ರ ಹೊರಡುವುದಿಲ್ಲ, ಮಾತಿನ ಥೆರಪಿ ಹಿಂದಿಯಲ್ಲಿ ನಡೆಯುತ್ತಿದೆ, ಮನೆಯಲ್ಲೂ ಹಿಂದಿಯೇ ಆಡಬೇಕಾ ಎಂದು ಕೇಳಿದ್ದೀರಿ. ಐದು ವರ್ಷದ ಹಿಂದೆ ಮುಂಬೈ ಹತ್ತಿರ ನಮ್ಮ ಡೊಂಬಿವಲಿ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು.

ನಮ್ಮ ಯಜಮಾನರು ಮಾಟುಂಗಾದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಗಿರಾಕಿ ಕೂತ ಕೂಡಲೇ "ಇಡ್ಲಿ, ವಡೆ, ಮಸಾಲೆ ದೋಸೆ, ಉಪ್ಪಿಟ್ಟು" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಸ್ಟ್ರೋಕ್ ಆದಮೇಲೆ ತಟ್ಟೆಯಲ್ಲಿದ್ದ ದೋಸೆ ತೋರಿಸಿ ಇದೇನು ಅಂದರೆ "ಬಾಗಿಲು" ಅಂದರು. ತಪ್ಪು ಅಂತ ಅವರಿಗೇ ಗೊತ್ತಾಗಿ ಕಣ್ಣು ತುಂಬಿತು. ಅದು ಮರೆವಲ್ಲ, ಬುದ್ಧಿ ಕಮ್ಮಿಯಾಗಿದ್ದೂ ಅಲ್ಲ. ಹೆಚ್ಚಿನವರಿಗೆ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿರುತ್ತದೆ. ಅಲ್ಲಿಗೆ ಪೆಟ್ಟು ಬಿದ್ದರೆ ಹೀಗಾಗುತ್ತದೆ, ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ನಮ್ಮ ನೆಂಟರು ಕಿವುಡರ ಹತ್ತಿರ ಮಾತಾಡಿದ ಹಾಗೆ ಕೂಗಿ ಮಾತಾಡುತ್ತಿದ್ದರು. ನನಗೆ ತುಂಬಾ ನೋವಾಗುತ್ತಿತ್ತು.

ನಮ್ಮ ಥೆರಪಿಸ್ಟ್‌ಗೂ ಕನ್ನಡ ಬರುತ್ತಿರಲಿಲ್ಲ. ಆದರೆ ಒಂದು ಒಳ್ಳೆಯ ವಿಷಯ ಹೇಳಿಕೊಟ್ಟರು. ಎಣಿಕೆ, ವಾರದ ಹೆಸರು, ಭಜನೆ, ಹೀಗೆ ಬಾಯಿಪಾಠವಾದದ್ದು ಎಷ್ಟೋ ಸಲ ಉಳಿದಿರುತ್ತದಂತೆ. ಮನೆಗೆ ಬಂದು ನಾನು "ಇಡ್ಲಿ, ವಡೆ" ಅಂತ ಶುರು ಮಾಡಿದೆ. "ಮಸಾಲೆ ದೋಸೆ, ಉಪ್ಪಿಟ್ಟು" ಅಂತ ಅವರೇ ಮುಗಿಸಿದರು! ಆಮೇಲೆ ದೋಸೆ ಬೇಕಾದಾಗೆಲ್ಲ ಇಡ್ಲಿಯಿಂದ ಹೊರಟು, ಬೆರಳು ಮಡಿಸುತ್ತಾ ದೋಸೆಗೆ ಬಂದು ನಿಲ್ಲುತ್ತಿದ್ದರು. ಗುರುವಾರ ಅನ್ನುವುದಕ್ಕೆ ಸೋಮವಾರದಿಂದ ಹೊರಡುತ್ತಿದ್ದರು.

ಎರಡು ಮೂರು ಭಾಷೆ ಬರುವವರಿಗೆ ಎಲ್ಲವೂ ಒಂದೇ ಸಮ ವಾಪಸ್ ಬರಬೇಕೆಂದಿಲ್ಲ. ಇವರಿಗೆ ಕನ್ನಡ ಬೇಗ ಬಂತು, ಹಿಂದಿ ನಿಧಾನವಾಯಿತು. ನಿಮ್ಮ ಅಪ್ಪನಿಗೆ ಇದು ಉಲ್ಟಾ ಆಗಬಹುದು. ಯಾವುದು ಹೊರಡುತ್ತದೋ ಅದನ್ನೇ ಹಿಡಿಯಿರಿ, ಥೆರಪಿಸ್ಟ್‌ಗೂ ತಿಳಿಸಿ. ಮುಂಬೈಯ ಬಾಂದ್ರಾದಲ್ಲಿ ಮಾತು, ಕಿವಿಯ ತೊಂದರೆ ನೋಡುವ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ. ಊರಿಗೆ ಹೋದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ನೋಡುತ್ತಾರೆ.

ಮಾತಾಡಿಸುವಾಗ ಟಿವಿ ಆಫ್ ಮಾಡಿ. "ಏನು ಬೇಕು" ಅನ್ನುವ ಬದಲು "ಚಹಾ ಬೇಕಾ, ಕಾಫಿ ಬೇಕಾ" ಅಂತ ಎರಡನ್ನೂ ತೋರಿಸಿ ಕೇಳಿ. ಪದ ಹುಡುಕುವಾಗ ನೀವೇ ಹೇಳಿಬಿಡಬೇಡಿ, ಸುಮ್ನೆ ಕಾಯಿರಿ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಮೊದಲ ಕೆಲವು ತಿಂಗಳು ಸುಧಾರಣೆ ಜಾಸ್ತಿ ಅನ್ನುತ್ತಾರೆ, ನಿಜ. ಆದರೆ ಇವರ ಬಾಯಲ್ಲಿ ಈಗಲೂ ಹೊಸ ಪದ ಸೇರುತ್ತಿದೆ.

ನಿಮ್ಮ ಅಪ್ಪ ಏನು ಕೆಲಸದಲ್ಲಿದ್ದರು? ದಿನಾ ಬಾಯಲ್ಲಿ ಹೇಳುತ್ತಿದ್ದದ್ದು ಏನಿತ್ತು? ಬರೆಯಿರಿ, ಎಲ್ಲಿಂದ ಶುರು ಮಾಡಬಹುದು ಅಂತ ಒಟ್ಟಿಗೆ ಯೋಚಿಸೋಣ.